ಕುರುಗೋಡಿನ ಕಲ್ಲುಗುಡಿಗಳಲ್ಲಿ

ಕಳೆದ ಮಾಸ ಸಂಗನಕಲ್ಲಿನ ಭಕ್ತರೊಬ್ಬರ ಮನೆಯಲ್ಲಿ ಲಿಂಗಪೂಜೆ, ಪ್ರಸಾದಗಳನ್ನು ಪೂರೈಸಿ ನಾವು ಕುರುಗೋಡಿಗೆ ಹೊರಟೆವು. ಸಂಗನಕಲ್ಲಿನ ಗುಡ್ಡಗಳೂ ಸಾಮಾನ್ಯವಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ಜನರಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಅಲ್ಲಿ ಉತ್ಖನನ ನಡೆಸಿದರು. ಆ ವಿಷಯವನ್ನು ಇನ್ನೊಮ್ಮೆ ಬರೆಯುವೆವು.

ಬಸವಾದಿ ಪ್ರಮಥರು ಕಲ್ಯಾಣದಲ್ಲಿದ್ದ 12ನೆಯ ಶತಮಾನದಲ್ಲಿ ಕುರುಗೋಡು ಸಿಂದ ಅರಸರ ರಾಜಧಾನಿಯಾಗಿತ್ತು. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಇಂದು ಯಾತ್ರಿಕರನ್ನು ಕರೆತರುವವನು ದೊಡ್ಡಬಸವೇಶ್ವರ. ಸುಮಾರು 12 ಅಡಿ ಎತ್ತರದ ಏಕಶಿಲಾ ನಂದಿಯ ಮುಂದೆ ನಿಂತಾಗ ತಲೆಯೆತ್ತಿಯೇ ಕೈಮುಗಿಯಬೇಕು. ನಾವು ಹೋದಂದೂ ಅಲ್ಲಿ ತೆಂಗಿನಕಾಯಿ, ಊದುಬತ್ತಿ, ಮಕ್ಕಳ ಗದ್ದಲ, ಎಲ್ಲವೂ ಇತ್ತು.

ಹಳೆಯ ಕುರುಗೋಡಿನ ಕಡೆಗೆ ನಡೆದರೆ ಆ ಗದ್ದಲವಿಲ್ಲ. ಬೆಟ್ಟದ ಸಾಲಿನ ಅಡಿಯಲ್ಲಿ ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ ಕಟ್ಟಿದ ಶಿವಾಲಯಗಳು. ಎಂಟುನೂರು ವರ್ಷಗಳ ಮಳೆಬಿಸಿಲುಗಳನ್ನು ಕಂಡ ಕಂಬಗಳು. ಸಿಂದ ರಾಚಮಲ್ಲನ ಹೆಸರುಳ್ಳ ಶಾಸನ ಈ ಊರಿನದೇ. ಒಂದು ಗುಡಿಯ ನೆರಳಿನಲ್ಲಿ ಆಡುಗಳು ಮಲಗಿದ್ದವು. ಗರ್ಭಗುಡಿಯಲ್ಲಿ ಒಣಗಿದ ಎಲೆಗಳ ರಾಶಿ.

ಜೊತೆಗೆ ಬಂದಿದ್ದ ಭಕ್ತರ ಮೊಮ್ಮಗ ಕೇಳಿದನು: "ತಾತಾ, ಕೊರಳಾಗ ಇಷ್ಟಲಿಂಗ ಐತಲ್ಲ, ಮತ್ತ ಈ ಗುಡಿ ನಮಗ್ಯಾಕ?"

ಪ್ರಶ್ನೆ ನಮ್ಮದೇ. ಮಠದಲ್ಲಿ ಕಲಿತು ಬಂದಂದಿನಿಂದ ಸ್ಥಾವರವನ್ನು ಬಿಡಿರೆಂದು ನಾವೇ ಊರೂರುಗಳಲ್ಲಿ ಪ್ರವಚನ ಮಾಡಿದ್ದೇವೆ. ಆ ಮಾತು ಇಂದಿಗೂ ಸುಳ್ಳೆನಿಸದು. ಹಾಳುಗೆಡಹಿರೆಂದು ನಾವು ಎಂದೂ ಹೇಳಲಿಲ್ಲ. ಆದರೆ ಕಾಪಾಡಿರೆಂದೂ ಹೇಳಲಿಲ್ಲ. ಕೇಳಿದವರು ತಮಗೆ ಅನುಕೂಲವಾದಷ್ಟನ್ನು ತೆಗೆದುಕೊಂಡರೇನೋ. ಆ ಬಾಲಕನಿಗೆ, "ಪೂಜೆಗಲ್ಲಪ್ಪ, ಇದನ್ನು ಕಟ್ಟಿದವರೂ ಕಾಯಕದವರೇ" ಎಂದಷ್ಟೇ ಹೇಳಿದೆವು. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೂ ಆಡುಗಳನ್ನು ಹೊರಗಟ್ಟಿ, ತನ್ನ ಟವೆಲ್ಲಿನಿಂದಲೇ ಎಲೆಗಳನ್ನು ಗುಡಿಸತೊಡಗಿದನು. ನಾವೂ ಬಗ್ಗಿದೆವು; ಸೊಂಟ ಹೆಚ್ಚು ಹೊತ್ತು ಒಪ್ಪಲಿಲ್ಲ.

ಜಾತ್ರೆಗೆ ಹೋಗುವ ಬಂಧುಗಳು ರಥದ ದರ್ಶನ ಮುಗಿಸಿ ಒಂದು ಗಂಟೆಯನ್ನು ಈ ಗುಡಿಗಳಿಗಾಗಿ ಇಟ್ಟುಕೊಳ್ಳಲಿ. ಬಿಸಿಲು ಹೆಚ್ಚು, ಕುಡಿಯುವ ನೀರು ಜೊತೆಗಿರಲಿ. ಕಂಬಗಳಿಗೆ ಎಣ್ಣೆ, ಸುಣ್ಣ ಬಳಿಯುವುದು ಬೇಡ. ಒಂದು ಕಸಬರಿಗೆ ಒಯ್ದರೆ ಸಾಕು.