ಜೈಂಟ್ಸ್ ಬಿಟ್ಟಿತು, ಈಗಲ್ಸ್ ಹಿಡಿಯಿತು: ರನ್ನಿಂಗ್ ಬ್ಯಾಕ್‌ಗಳ ಬೆಲೆ ಬದಲಿಸಿತೇ ಬಾರ್ಕ್ಲಿ ಸೀಸನ್?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2024ರ ಸೀಸನ್‌ನ ಚಾಂಪಿಯನ್ ತಂಡ ಫಿಲಡೆಲ್ಫಿಯಾ ಈಗಲ್ಸ್, ತನ್ನ ಓಟಗಾರ ಸಕ್ವಾನ್ ಬಾರ್ಕ್ಲಿ ಅವರ ಒಪ್ಪಂದವನ್ನು 2025ರ ಮಾರ್ಚ್ 4ರಂದು ಇನ್ನೆರಡು ವರ್ಷ ವಿಸ್ತರಿಸಿತು. ಮೊತ್ತ 4.12 ಕೋಟಿ ಡಾಲರ್, ಅಂದರೆ ಸುಮಾರು 360 ಕೋಟಿ ರೂಪಾಯಿ. ವರ್ಷಕ್ಕೆ ಸರಾಸರಿ 2 ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಎಂಬ ಹೆಗ್ಗಳಿಕೆ ಬಾರ್ಕ್ಲಿ ಪಾಲಾಗಿದೆ.

ಆದರೆ ಅದಕ್ಕೆ ಎರಡು ವರ್ಷಗಳ ಹಿಂದೆ ಇದೇ ಆಟಗಾರನಿಗೆ ದೀರ್ಘಾವಧಿ ಒಪ್ಪಂದ ಕೊಡಲು ಅವರ ಅಂದಿನ ತಂಡ ನ್ಯೂಯಾರ್ಕ್ ಜೈಂಟ್ಸ್ ಮೀನಮೇಷ ಎಣಿಸಿತ್ತು. ಈ ನಡುವೆ ಆಗಿದ್ದೇನು? ಒಂದು ಸೀಸನ್, ಒಂದು ಸೂಪರ್ ಬೌಲ್ ಕಿರೀಟ. ಅದರ ಹಿಂದಿನ ಲೆಕ್ಕಾಚಾರ ಮಾತ್ರ ಕಣ್ಣಿಗೆ ಕಾಣುವಷ್ಟು ಸರಳವಾಗಿಲ್ಲ.

ಓಡುವವನಿಗೇ ಬೆಲೆ ಇಲ್ಲ!

ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆಯೊಳಗೆ ನುಗ್ಗುವುದು ರನ್ನಿಂಗ್ ಬ್ಯಾಕ್ ಕೆಲಸ. ಒಂದು ಪಂದ್ಯದಲ್ಲಿ 20-25 ಬಾರಿ ಹೀಗೆ ನುಗ್ಗಬೇಕು, ಹೆಚ್ಚಿನ ಸಲವೂ ನೆಲಕ್ಕೆ ಬೀಳಬೇಕು. ಮೈಗೆ ಇಷ್ಟು ಪೆಟ್ಟು ತಿನ್ನುವ ಸ್ಥಾನಕ್ಕೇ ಲೀಗ್‌ನಲ್ಲಿ ಬೆಲೆ ಕುಸಿಯುತ್ತಾ ಬಂದಿತ್ತು.

ಕಾರಣ ಸರಳ. ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೂ ಪರ್ಸ್ ಮಿತಿ ಇರುವಂತೆ ಎನ್‌ಎಫ್‌ಎಲ್‌ನ 32 ತಂಡಗಳಿಗೂ ವೇತನ ಮಿತಿ ಇದೆ. 2024ರಲ್ಲಿ ಅದು 25.54 ಕೋಟಿ ಡಾಲರ್. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ದೊಡ್ಡ ಪಾಲು ಕೊಟ್ಟರೆ ಉಳಿದವರಿಗೆ ಕೈ ಬಿಗಿ ಹಿಡಿಯಲೇಬೇಕು. ಕಾಲೇಜಿನಿಂದ ಬರುವ ಹೊಸ ಹುಡುಗರಿಗೆ ಮೊದಲ ನಾಲ್ಕು ವರ್ಷ ಹೆಚ್ಚುಕಡಿಮೆ ನಿಗದಿತ ಸಂಬಳ. ಆ ಅವಧಿಯಲ್ಲಿ ಓಟಗಾರನನ್ನು ಚೆನ್ನಾಗಿ ದುಡಿಸಿಕೊಂಡು, ಆತ ದೊಡ್ಡ ಸಂಬಳ ಕೇಳುವ ಹೊತ್ತಿಗೆ ಇನ್ನೊಬ್ಬ ಹುಡುಗನನ್ನು ತರುವುದು ಅನೇಕ ತಂಡಗಳ ರೂಢಿಯಾಗಿತ್ತು.

2018ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾಗಿದ್ದ ಬಾರ್ಕ್ಲಿ ಕೂಡ ಇದೇ ಸುಳಿಗೆ ಸಿಕ್ಕರು. 2020ರಲ್ಲಿ ಮೊಣಕಾಲಿನ ಗಂಭೀರ ಗಾಯವಾಯಿತು. ಮತ್ತೆ ಲಯಕ್ಕೆ ಬಂದ ಮೇಲೆ, 2023ರ ಮಾರ್ಚ್‌ನಲ್ಲಿ ಜೈಂಟ್ಸ್ ತಂಡ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಒಪ್ಪಂದ ಕೊಟ್ಟು, ಬಾರ್ಕ್ಲಿ ಮೇಲೆ 'ಫ್ರಾಂಚೈಸ್ ಟ್ಯಾಗ್' ಹಾಕಿತು. ಅಂದರೆ ಒಂದು ವರ್ಷದ ನಿಗದಿತ ಸಂಬಳ, ಬೇರೆ ತಂಡಕ್ಕೆ ಮುಕ್ತವಾಗಿ ಹೋಗುವ ದಾರಿ ಬಂದ್. ಆ ಜುಲೈನಲ್ಲಿ ಲೀಗ್‌ನ ಪ್ರಮುಖ ಓಟಗಾರರೆಲ್ಲ ಆನ್‌ಲೈನ್ ಸಭೆ ಸೇರಿ ತಮ್ಮ ಸ್ಥಿತಿ ಚರ್ಚಿಸಿದ್ದರು. ನಿಯಮ ಬದಲಾಗಲಿಲ್ಲ.

ಮಾಲೀಕರ ಆತಂಕ ನಿಜವಾಯಿತು

2024ರ ಮಾರ್ಚ್‌ನಲ್ಲಿ ಜೈಂಟ್ಸ್ ಮತ್ತೆ ಟ್ಯಾಗ್ ಹಾಕಲಿಲ್ಲ. ಅದೇ ವಿಭಾಗದ ಬದ್ಧ ಎದುರಾಳಿ ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟು ಬಾರ್ಕ್ಲಿಯನ್ನು ಕರೆದುಕೊಂಡಿತು. ಬಾರ್ಕ್ಲಿ ಫಿಲಡೆಲ್ಫಿಯಾಕ್ಕೆ ಹೋದರೆ ತಮಗೆ ನಿದ್ದೆ ಬರುವುದು ಕಷ್ಟ ಎಂದು ಜೈಂಟ್ಸ್ ಮಾಲೀಕ ಜಾನ್ ಮಾರಾ ತಮ್ಮ ಜನರಲ್ ಮ್ಯಾನೇಜರ್‌ಗೆ ಹೇಳಿದ್ದು 'ಹಾರ್ಡ್ ನಾಕ್ಸ್' ಕಾರ್ಯಕ್ರಮದಲ್ಲಿ ಇಡೀ ದೇಶಕ್ಕೇ ಕೇಳಿಸಿತು. ಆ ಸೀಸನ್‌ನಲ್ಲಿ ಜೈಂಟ್ಸ್ ಗೆದ್ದದ್ದು 17ರಲ್ಲಿ ಬರೀ 3 ಪಂದ್ಯ. ನಂಬಿ ಹಣ ಸುರಿದಿದ್ದ ಜೋನ್ಸ್‌ರನ್ನು ನವೆಂಬರ್‌ನಲ್ಲೇ ಬಿಡುಗಡೆ ಮಾಡಬೇಕಾಯಿತು.

ಈಗಲ್ಸ್ ಸ್ಥಿತಿಯೂ ಆಗ ಹೇಳಿಕೊಳ್ಳುವಂತಿರಲಿಲ್ಲ. 2023ರಲ್ಲಿ ಮೊದಲ 11 ಪಂದ್ಯಗಳಲ್ಲಿ 10 ಗೆದ್ದ ತಂಡ ಕೊನೆಯ ಆರರಲ್ಲಿ ಐದನ್ನು ಸೋತು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮನೆಗೆ ಮರಳಿತ್ತು. ಕೋಚ್ ನಿಕ್ ಸಿರಿಯಾನಿ ಕುರ್ಚಿ ಅಲುಗಾಡುತ್ತಿತ್ತು. ಹಿರಿಯರಾದ ಜೇಸನ್ ಕೆಲ್ಸಿ, ಫ್ಲೆಚರ್ ಕಾಕ್ಸ್ ನಿವೃತ್ತರಾದರು. ರಕ್ಷಣಾ ವಿಭಾಗದ ಹೊಣೆ ಅನುಭವಿ ವಿಕ್ ಫಾಂಜಿಯೊ ಹೆಗಲಿಗೆ ಬಿತ್ತು.

ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ನಡೆದ ಮೊದಲ ಪಂದ್ಯದಲ್ಲೇ ಬಾರ್ಕ್ಲಿ ಮೂರು ಟಚ್‌ಡೌನ್ ಗಳಿಸಿದರು. ಎರಡನೇ ಪಂದ್ಯದಲ್ಲಿ ಮಾತ್ರ ಅಟ್ಲಾಂಟಾ ವಿರುದ್ಧ ಗೆಲುವು ಖಚಿತಪಡಿಸಬಹುದಾಗಿದ್ದ ಪಾಸ್ ಒಂದು ಅವರ ಕೈಜಾರಿತು. ಈಗಲ್ಸ್ 22-21ರಲ್ಲಿ ಸೋತಿತು. ನಾಲ್ಕು ಪಂದ್ಯ ಮುಗಿದಾಗ ಎರಡು ಗೆಲುವು, ಎರಡು ಸೋಲು. ಅಲ್ಲಿಂದಾಚೆಗಿನ 13 ಪಂದ್ಯಗಳಲ್ಲಿ ತಂಡ ಗೆದ್ದದ್ದು 12! ಬಾರ್ಕ್ಲಿ ಒಟ್ಟು 2,005 ಗಜ ಓಡಿ, ಲೀಗ್ ಇತಿಹಾಸದಲ್ಲಿ 2 ಸಾವಿರ ದಾಟಿದ ಒಂಬತ್ತನೇ ಆಟಗಾರರಾದರು. ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ 255 ಗಜ.

ಒಬ್ಬನ ಗೆಲುವಲ್ಲ

ಹಾಗಾದರೆ ಜೈಂಟ್ಸ್ ಲೆಕ್ಕ ಪೂರ್ತಿ ತಪ್ಪಿತೇ? ಇಲ್ಲಿ ಗಮನಿಸಬೇಕಾದ ಸಂಗತಿ, ಬಾರ್ಕ್ಲಿ ಮುಂದೆ ದಾರಿ ಬಿಡಿಸಿಕೊಟ್ಟವರು ಯಾರು ಎಂಬುದು. ಆ ಸೀಸನ್‌ನಲ್ಲಿ ಈಗಲ್ಸ್‌ನ ಐವರು ಬ್ಲಾಕರ್‌ಗಳ ಸಾಲು ಲೀಗ್‌ನ ಅತ್ಯುತ್ತಮ ಸಾಲುಗಳಲ್ಲೊಂದಾಗಿತ್ತು. ಅದರಲ್ಲಿದ್ದ ಜಾರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಹುಡುಗ. 2018ರಲ್ಲಿ ಏಳನೇ ಸುತ್ತಿನಲ್ಲಿ ಆಯ್ಕೆಯಾಗುವ ಮುನ್ನ ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡಿದವರಲ್ಲ. ಇನ್ನೊಬ್ಬ ಮೆಕಾಯ್ ಬೆಕ್ಟನ್, ನ್ಯೂಯಾರ್ಕ್ ಜೆಟ್ಸ್‌ನಲ್ಲಿ ವಿಫಲ ಎನಿಸಿಕೊಂಡು ಬಂದವರು. ಜೈಂಟ್ಸ್‌ನಲ್ಲಿ ಬಾರ್ಕ್ಲಿಗೆ ಇಂಥ ಗೋಡೆ ಇರಲೇ ಇಲ್ಲ.

ಅಗ್ಗದಲ್ಲಿ ಸಿಕ್ಕ ಪ್ರತಿಭೆಯೂ ಕಡಿಮೆಯಲ್ಲ. 35 ಲಕ್ಷ ಡಾಲರ್‌ಗೆ ಒಂದೇ ವರ್ಷಕ್ಕೆ ಬಂದ ಝಾಕ್ ಬಾನ್ ಲೀಗ್‌ನ ಶ್ರೇಷ್ಠ ಲೈನ್‌ಬ್ಯಾಕರ್‌ಗಳ ಸಾಲಿಗೆ ಸೇರಿದರು. ಹೊಸಬರಾದ ಕ್ವಿನ್ಯಾನ್ ಮಿಚೆಲ್, ಕೂಪರ್ ಡಿಜೀನ್ ಮೊದಲ ವರ್ಷವೇ ರಕ್ಷಣೆಯ ಆಧಾರವಾದರು. ಎದುರಾಳಿಗೆ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ತಂಡ ಈಗಲ್ಸ್. ಇಂಥ ಕಡೆ ಉಳಿಸಿದ್ದರಿಂದಲೇ ಬಾರ್ಕ್ಲಿಗೆ ಕೊಡಲು ಹಣವಿತ್ತು.

ಫೆಬ್ರವರಿ 9ರ ಸೂಪರ್ ಬೌಲ್ ಇದಕ್ಕೆ ಸಾಕ್ಷಿ. ಸತತ ಮೂರನೇ ಕಿರೀಟದ ಕನಸು ಹೊತ್ತು ನ್ಯೂ ಆರ್ಲಿಯನ್ಸ್‌ಗೆ ಬಂದಿದ್ದ ಕಾನ್ಸಾಸ್ ಸಿಟಿ ಚೀಫ್ಸ್, ಬಾರ್ಕ್ಲಿಯನ್ನು ಕಟ್ಟಿಹಾಕುವುದಕ್ಕೇ ಗಮನ ಕೊಟ್ಟಿತು. ಅದು ಫಲಿಸಿತು ಕೂಡ. 25 ಓಟಗಳಲ್ಲಿ ಅವರಿಗೆ ಸಿಕ್ಕಿದ್ದು 57 ಗಜ ಮಾತ್ರ. ಆದರೂ ಅರ್ಧ ಆಟಕ್ಕೆ ಸ್ಕೋರ್ 24-0, ಕೊನೆಗೆ 40-22! ಓಟ ತಡೆಯಲು ಹೋದಾಗ ಜೇಲೆನ್ ಹರ್ಟ್ಸ್ ಪಾಸ್‌ಗಳು ತೆರೆದುಕೊಂಡವು. 22 ಎಸೆತಗಳಲ್ಲಿ 17 ಯಶಸ್ವಿಯಾಗಿ, ಪಂದ್ಯಶ್ರೇಷ್ಠ ಗೌರವ ಅವರದಾಯಿತು. ಹೆಚ್ಚುವರಿ ಆಟಗಾರರನ್ನು ನುಗ್ಗಿಸದೆಯೇ ಈಗಲ್ಸ್ ರಕ್ಷಣಾ ಪಡೆ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಆರು ಬಾರಿ ಕೆಡವಿತು. ತಾನು ಓಡದಿದ್ದರೂ ಎದುರಾಳಿಯ ಕಣ್ಣು ತನ್ನ ಮೇಲೇ ನೆಟ್ಟಿರುವಂತೆ ಮಾಡುವುದು ಕೂಡ ಓಟಗಾರನ ಬೆಲೆಯೇ. ಅಂಕಿಅಂಶದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಮುಂದಿನ ಪ್ರಶ್ನೆ ದೇಹದ್ದು

ಕೊನೆಯ ಲೀಗ್ ಪಂದ್ಯಕ್ಕೆ ಮುನ್ನ, ಎರಿಕ್ ಡಿಕರ್ಸನ್ 1984ರಲ್ಲಿ ಬರೆದ 2,105 ಗಜಗಳ ದಾಖಲೆ ಮುರಿಯಲು ಬಾರ್ಕ್ಲಿಗೆ 101 ಗಜ ಬೇಕಿತ್ತು. ಎದುರಾಳಿ ಬೇರಾರೂ ಅಲ್ಲ, ಹಳೆಯ ತಂಡ ಜೈಂಟ್ಸ್. ಆದರೆ ಪ್ಲೇಆಫ್ ಸ್ಥಾನ ಖಚಿತವಾಗಿದ್ದರಿಂದ ಸಿರಿಯಾನಿ ಅವರನ್ನು ಆಡಿಸಲೇ ಇಲ್ಲ. ದಾಖಲೆಗಿಂತ ಕಾಲು ಮುಖ್ಯ ಎಂಬ ಆ ತೀರ್ಮಾನ ಈ ಸೀಸನ್‌ನ ಅತಿ ಜಾಣ ನಡೆ ಎನ್ನಬಹುದು.

ಆದರೂ ಪ್ಲೇಆಫ್ ಸೇರಿ ಬಾರ್ಕ್ಲಿ 436 ಬಾರಿ ಚೆಂಡು ಹಿಡಿದು ಓಡಿದ್ದಾರೆ. ಫೈನಲ್ ದಿನವೇ ಅವರಿಗೆ 28 ತುಂಬಿತು. ಇಲ್ಲೊಂದು ಎಚ್ಚರಿಕೆ ಇದೆ. 2 ಸಾವಿರ ಗಜವನ್ನು ಎರಡನೇ ಬಾರಿ ದಾಟಿದವರು ಈವರೆಗೆ ಯಾರೂ ಇಲ್ಲ. ಬಾರ್ಕ್ಲಿಗೂ ಮುನ್ನ ಅದೇ ಸೀಸನ್‌ನಲ್ಲಿ ಸೂಪರ್ ಬೌಲ್ ಕೂಡ ಗೆದ್ದಿದ್ದ ಏಕೈಕ ಆಟಗಾರ ಡೆನ್ವರ್‌ನ ಟೆರೆಲ್ ಡೇವಿಸ್. ಅದು 1998. ಮರುವರ್ಷ ನಾಲ್ಕನೇ ಪಂದ್ಯದಲ್ಲೇ ಮೊಣಕಾಲು ಕೈಕೊಟ್ಟಿತು, ಅವರ ಆಟ ಮತ್ತೆ ಮೊದಲಿನಂತಾಗಲಿಲ್ಲ.

ಹೊಸ ಒಪ್ಪಂದದಲ್ಲಿ 3.6 ಕೋಟಿ ಡಾಲರ್ ಖಾತರಿ ಮೊತ್ತ ಇರುವುದರ ಮಹತ್ವ ಇಲ್ಲೇ ಇದೆ. ಗಾಯಗೊಂಡರೂ ಅಷ್ಟು ಕೈಸೇರುತ್ತದೆ. ಇದೇ ಸೀಸನ್‌ನಲ್ಲಿ ತಂಡ ಬದಲಿಸಿ ಬಾಲ್ಟಿಮೋರ್ ಸೇರಿದ ಡೆರಿಕ್ ಹೆನ್ರಿ ಕೂಡ 30ರ ವಯಸ್ಸಿನಲ್ಲಿ 1,921 ಗಜ ಓಡಿ ತೋರಿಸಿದ್ದಾರೆ. ಹಾಗೆಂದು ಎಲ್ಲ ಓಟಗಾರರ ದೆಸೆ ತಿರುಗಿತು ಎನ್ನಲಾಗದು. ಒಳ್ಳೆಯ ಗೋಡೆ, ಒಳ್ಳೆಯ ರಕ್ಷಣೆ ಈಗಾಗಲೇ ಇರುವ ತಂಡಕ್ಕೆ ಒಳ್ಳೆಯ ಓಟಗಾರ ಕಿರೀಟ ತಂದುಕೊಡಬಲ್ಲ. ಅವಿಲ್ಲದ ತಂಡದಲ್ಲಿ ಅದೇ ಓಟಗಾರ ಏಟು ತಿನ್ನುತ್ತಾ ಸವೆಯುತ್ತಾನೆ. ಜೈಂಟ್ಸ್ ಎಡವಿದ್ದು ಬಾರ್ಕ್ಲಿಯನ್ನು ಬಿಟ್ಟ ದಿನವಲ್ಲ, ಅವರಿದ್ದ ಆರು ವರ್ಷಗಳಲ್ಲಿ ಅವರ ಮುಂದೆ ಗೋಡೆ ಕಟ್ಟದೇ ಹೋದಾಗ.