ಗ್ರಾಸ್‌ನ ಗುಲಾಬಿ, ನಂಜನಗೂಡಿನ ರಸಬಾಳೆ

ಹೋದ ಮೇ ತಿಂಗಳಲ್ಲಿ ಮಗಳ ಮನೆಗೆಂದು ಫ್ರಾನ್ಸಿಗೆ ಹೋಗಿದ್ದೆ. 'ಅಪ್ಪ, ನಿಮಗೆ ಸಮುದ್ರಕ್ಕಿಂತ ತೋಟವೇ ಇಷ್ಟ, ಬನ್ನಿ' ಎಂದು ಗ್ರಾಸ್‌ಗೆ ಕರೆದುಕೊಂಡು ಹೋದಳು. ಮೆಡಿಟರೇನಿಯನ್ ದಂಡೆಯ ಕಾನ್‌ನಿಂದ ಒಳಗೆ, ಗುಡ್ಡದ ಮೇಲಿನ ಸಣ್ಣ ಊರು. ಮೊದಲು ಅಲ್ಲಿದ್ದದ್ದು ಚರ್ಮ ಹದ ಮಾಡುವ ಕಸುಬು. ಅದರ ನಾತ ಮುಚ್ಚಲು ಕೈಗವಸಿಗೆ ಹೂವಿನ ಪರಿಮಳ ಹಚ್ಚಿದರಂತೆ. ಚರ್ಮ ಹೋಯಿತು, ಪರಿಮಳ ಉಳಿಯಿತು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಹೆಂಗಸರು ಗುಲಾಬಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು, ಮಡಿಲು ತುಂಬಿದರೆ ಗೋಣಿಚೀಲಕ್ಕೆ. ನೋಡುತ್ತಾ ನಿಂತವನಿಗೆ ಅಪ್ಪನ ಬಾಳೆತೋಟ ನೆನಪಾಯಿತು.

ನಾನು ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟು ಮಾಡಿ ನಿವೃತ್ತನಾದವನು. ಅಪ್ಪ ಮಾತ್ರ ರಸಬಾಳೆಯವರು. ಒಂದು ವರ್ಷ ಎಲೆಯಂಚು ಹಳದಿಯಾಗಿ, ಎಲೆಗಳೆಲ್ಲ ಬುಡದ ಸುತ್ತ ಲಂಗದಂತೆ ಜೋತುಬಿದ್ದವು. ಅಪ್ಪ ಮಚ್ಚಿನಿಂದ ಗಿಡ ಸೀಳಿದರು. ಬೆಳ್ಳಗಿರಬೇಕಾದ ಒಳಗೆ ಕೆಂಗಂದು ಗೆರೆಗಳು. 'ಹೋಯ್ತು ಕಣೋ' ಅಂದರು, ಅಷ್ಟೇ. ಪನಾಮಾ ಸೊರಗು ರೋಗ. ಆ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ, ಔಷಧಿಗೆ ಬಗ್ಗುವುದಿಲ್ಲ. ಮುಂದಿನ ವರ್ಷ ಆ ಹೊಲಕ್ಕೆ ಕಬ್ಬು ಬಂತು.

ಗ್ರಾಸ್‌ನಲ್ಲೂ ಹೂವಿನ ಹೊಲಗಳನ್ನು ಈಜುಕೊಳದ ಬಂಗಲೆಗಳು ನುಂಗುತ್ತಾ ಬಂದಿದ್ದವು. ಅಗ್ಗದ ಮಲ್ಲಿಗೆ ಹೊರದೇಶಗಳಿಂದ ಬರುತ್ತಿತ್ತು, ನಮ್ಮ ತಮಿಳುನಾಡಿನಿಂದಲೂ. ಉಳಿದ ಹೊಲಗಳನ್ನು ಕಾದದ್ದು ಕೊಳ್ಳುವವನ ಮಾತು. ಶನೆಲ್ ಕಂಪನಿ 1987ರಲ್ಲಿ ಪಕ್ಕದ ಪೆಗೋಮಾ ಊರಿನ ರೈತ ಕುಟುಂಬವೊಂದರ ಜೊತೆ ಕರಾರು ಮಾಡಿಕೊಂಡಿತು, ಈಗಲೂ ಅವರ ಹೂವನ್ನೇ ಕೊಳ್ಳುತ್ತಿದೆ. ಗ್ರಾಸ್‌ನ ಸುಗಂಧ ಕಸುಬಿಗೆ ಯುನೆಸ್ಕೊ ಮನ್ನಣೆ ಬಂದದ್ದು 2018ರಲ್ಲಿ, ಅದಾಗಿ ಮೂರು ದಶಕಕ್ಕೆ.

ನಮ್ಮದು ತಿರುಗುಮುರುಗು. ರಸಬಾಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕು ವರ್ಷಗಳೇ ಆದವು, ಬೆಲೆ ಖಾತ್ರಿಪಡಿಸಿ ಕೊಳ್ಳುವವನು ಮಾತ್ರ ಬರಲಿಲ್ಲ. ಅಂಗಾಂಶ ಕೃಷಿಯ ಸಸಿ ಕೊಟ್ಟರು ನಿಜ. ಆದರೆ ರೋಗ ಬೀಳಬಹುದಾದ ಬೆಳೆಗೆ ಹೊಸ ನೆಲ ಬಿಟ್ಟುಕೊಡುವ ರೈತನಿಗೆ ಬೇಕಾದ ಧೈರ್ಯ ಸಸಿಯ ಜೊತೆ ಬರುವುದಿಲ್ಲ. ನನ್ನ ಕೇಳಿದರೆ ಇಂಥ ಖಾತ್ರಿಯ ಖರೀದಿಯನ್ನು ನಮ್ಮೂರ ನಂಜುಂಡೇಶ್ವರನ ಗುಡಿಯಿಂದಲೇ ಶುರುಮಾಡಬಹುದು. ಪಳನಿಯ ಪಂಚಾಮೃತಕ್ಕೆ ವಿರೂಪಾಕ್ಷಿ ಬಾಳೆ ಹೊಂದಿಕೊಂಡಂತೆ, ಇಲ್ಲಿನ ಪ್ರಸಾದಕ್ಕೂ ರಸಬಾಳೆಯೇ ಆಗಲಿ. ನಾಟಿಗೆ ಮೊದಲೇ ಬೆಲೆ ನಿಗದಿಯಾಗಲಿ, ಗಿಡ ಸೊರಗಿದರೆ ನಷ್ಟದಲ್ಲಿ ಮುಜರಾಯಿ ಇಲಾಖೆಗೂ ಪಾಲಿರಲಿ. ಇಲಾಖೆಗೆ ಅದೇನು ದೊಡ್ಡ ಹೊರೆಯಲ್ಲ.

ಊರಿಗೆ ಬಂದ ಮರುದಿನ ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ 'ರಸಬಾಳೆ ಇದೆಯೇನಮ್ಮ?' ಅಂತ ಕೇಳಿದೆ. ಒಂದು ಚಿಪ್ಪು ಎತ್ತಿ ಕೊಟ್ಟಳು. ಮೂಸಿ ನೋಡಿದೆ, ಆ ಘಮವಿಲ್ಲ. 'ತಮಿಳುನಾಡಿನ ರಸ್ತಾಳಿ ಸಾರ್' ಎಂದು ತಾನೇ ಒಪ್ಪಿಕೊಂಡಳು. 'ನಿಜವಾದ್ದು ಸಿಕ್ಕರೆ ನಂಗೂ ಎರಡು ಚಿಪ್ಪು ತಂದ್ಕೊಡಿ, ಮೊಮ್ಮಗ ಇನ್ನೂ ತಿಂದೇ ಇಲ್ಲ.'