ಹನಕೆರೆಗೆ ಪ್ಲಾಸ್ಟಿಕ್ ಹುಲ್ಲೇಕೆ?

ಕೃತಕ ಹುಲ್ಲು ನೀರು ಉಳಿಸುತ್ತದೆ, ಆರೈಕೆ ಬೇಡುವುದಿಲ್ಲ ಎಂಬ ವಾದ ಅರ್ಧ ಸತ್ಯ. ಇಂಥ ಹಾಸು 1966ರಲ್ಲಿ ಹೆಸರಾದದ್ದು ಹ್ಯೂಸ್ಟನ್ನಿನ ಮುಚ್ಚಿದ ಕ್ರೀಡಾಂಗಣದಲ್ಲಿ, ಒಳಗೆ ಹುಲ್ಲು ಬದುಕದ ಕಾರಣಕ್ಕೆ. ಮದ್ದೂರು–ಮಂಡ್ಯ ನಡುವಿನ ಹನಕೆರೆಯ ಅಂಗಳಕ್ಕೆ ಆ ಕರ್ಮವೇನೂ ಬಂದಿಲ್ಲ. ಜೀವಂತ ಹುಲ್ಲು ನೀರಾವಿ ಬಿಟ್ಟು ತಂಪಾಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ 60 ಡಿಗ್ರಿ ದಾಟಬಲ್ಲದು. ಅದನ್ನು ತಣಿಸಲು, ಧೂಳು ತೊಳೆಯಲು ಮತ್ತೆ ನೀರೇ ಬೇಕು. ಸವೆದು ಉದುರಿದ ಎಳೆಗಳು ಮಳೆಯೊಂದಿಗೆ ನಾಲೆ, ಗದ್ದೆ ಸೇರುತ್ತವೆ. ಕೃತಕ ಮೈದಾನಕ್ಕೆ ತುಂಬುವ ಪ್ಲಾಸ್ಟಿಕ್ ಕಾಳಿನ ಮಾರಾಟಕ್ಕೆ ಯುರೋಪ್ ಒಕ್ಕೂಟದಲ್ಲಿ 2031ರ ಅಕ್ಟೋಬರ್‌ನಿಂದ ನಿಷೇಧವಿದೆ.

ನೀರಿನ ಚಿಂತೆ ಮಾತ್ರ ನಿಜ: 2023ರಲ್ಲಿ ಕನ್ನಂಬಾಡಿ ಜಲಾಶಯ ತುಂಬಲಿಲ್ಲ. ಅದಕ್ಕೆ ಗರಿಕೆ ಇದೆ. ಬೇಸಿಗೆಯಲ್ಲಿ ಒಣಗಿ ಮಳೆಗೆ ಚಿಗುರುತ್ತದೆ, ಕೊಯ್ದರೆ ಹಸುವಿಗೆ ಮೇವು. ನೆರಳಿನಲ್ಲಿ ಅದು ಸೊರಗುತ್ತದೆ. ಅಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದೆಲಗ ಹಬ್ಬಿಸಬಹುದು.